ಚಾವಿವಾಲಾನ ಪಗಾರ ಯಾರು ಕೊಡಬೇಕು?

ಕಳೆದ ತಿಂಗಳು ಊರಿಗೆ ಹೋದಾಗ ತಮ್ಮನ ಜೊತೆ ಜಗಳ ಆಡಿಬಿಟ್ಟೆ. ನಮ್ಮದು ಅಥಣಿ ತಾಲ್ಲೂಕಿನ ಪೂರ್ವ ಭಾಗದ ಹಳ್ಳಿ. ಕೃಷ್ಣಾ ನದಿ ಅದೇ ತಾಲ್ಲೂಕಿನಲ್ಲಿ ಹರಿದರೂ ಬೇಸಿಗೆ ಬಂದರೆ ನಮ್ಮ ಕಡೆ ಟ್ಯಾಂಕರ್ ದಾರಿ ಕಾಯಬೇಕು. ತಮ್ಮ ಅಲ್ಲಿ ಗ್ರಾಮ ಪಂಚಾಯಿತಿ ಮೆಂಬರ್. ಊರಿನ ವಾಟರ್‌ಮನ್‌ಗೆ ನಾಲ್ಕು ತಿಂಗಳಿಂದ ಪಗಾರ ಆಗಿಲ್ಲ ಅಂತ ಅವ್ವ ಫೋನಿನಲ್ಲಿ ಹೇಳಿದ್ದಳು. ಆ ಮನುಷ್ಯ ನಮ್ಮ ಓಣಿಯವನೇ, ನಾನು ಶಾಲೆಗೆ ಹೋಗುವಾಗಿನಿಂದ ನೋಡಿದ್ದೇನೆ. ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಎದ್ದು ಹೋಗಿ ಮೋಟರ್ ಚಾಲು ಮಾಡುವವನು.

"ಪಂಚಾಯಿತಿ ಖಾತೆಯಲ್ಲಿ ದುಡ್ಡು ಬಂದಿದೆ ಅಂತ ನೀನೇ ಹೇಳ್ತಿದ್ದೆ, ಮತ್ತೆ ಅವನಿಗೆ ಯಾಕೆ ಕೊಡ್ತಿಲ್ಲ?" ಅಂತ ಕೇಳಿದೆ.

"ಅಕ್ಕಾ, ದುಡ್ಡು ಐತಿ. ಆದ್ರ ಆ ದುಡ್ಡಾಗ ಪಗಾರ ಕೊಡಾಕ ಬರಂಗಿಲ್ಲ" ಅಂದ.

ನನಗೆ ಸಿಟ್ಟು ಬಂತು. ನೆಪ ಹೇಳ್ತಿದ್ದಾನೆ ಅನಿಸಿತು. ಆದರೆ ಮರುದಿನ ಅವನು ಕಾಗದ ತಂದು ತೋರಿಸಿದ. ನಾನು ಪುಣೆಯಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವವಳು, ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ, ಹಾಗಾಗಿ ಜಮಾ ಖರ್ಚು ಓದೋಕೆ ಬರುತ್ತದೆ. ಓದಿದ ಮೇಲೆ ತಮ್ಮನ ಮಾತು ನಿಜ ಅಂತ ಗೊತ್ತಾಯಿತು. ಅವತ್ತಿನಿಂದ ಈ ವಿಷಯ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಳ್ಳಿಯಲ್ಲಿ ಎಲ್ಲರೂ "15ನೇ ಹಣಕಾಸು" ಅನ್ನುತ್ತಾರಲ್ಲ, ಅದು ಹದಿನೈದನೇ ಹಣಕಾಸು ಆಯೋಗದ ಅನುದಾನ. ಎನ್. ಕೆ. ಸಿಂಗ್ ಅಧ್ಯಕ್ಷರಾಗಿದ್ದ ಈ ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಹಳ್ಳಿಯ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ, ನಗರದವಕ್ಕೆ 1,21,055 ಕೋಟಿ ರೂಪಾಯಿ ಕೊಡಬೇಕು ಅಂತ ಹೇಳಿತು. ಈ ಅನುದಾನದಲ್ಲಿ ಹಳ್ಳಿಗೆ ಅಂತ ಇಟ್ಟ ದುಡ್ಡಿನಲ್ಲಿ ನೂರಕ್ಕೆ 60 ಭಾಗ "ಟೈಡ್", ಅಂದರೆ ಕಟ್ಟಿಹಾಕಿದ ದುಡ್ಡು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಇಂಥದ್ದಕ್ಕೆ. ಇನ್ನರ್ಧ ನೈರ್ಮಲ್ಯಕ್ಕೆ, ಕಸಕ್ಕೆ, ಊರು ಮತ್ತೆ ಬಯಲು ಶೌಚಕ್ಕೆ ಹೋಗದ ಹಾಗೆ ನೋಡಿಕೊಳ್ಳೋಕೆ. ಉಳಿದ 40 ಭಾಗ "ಅನ್‌ಟೈಡ್", ಊರಿಗೆ ಏನು ಬೇಕೋ ಅದಕ್ಕೆ ಬಳಸಬಹುದು. ಆದರೆ ಆ 40ರಲ್ಲಿ ಸಂಬಳ ಮತ್ತು ಕಚೇರಿ ಖರ್ಚು ಮಾಡುವ ಹಾಗಿಲ್ಲ.

ಈ ನಿಯಮ ಮಾಡಿದವರ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಅರ್ಥ ಆಗುತ್ತದೆ. ಸಂಬಳಕ್ಕೆ ಬಿಟ್ಟರೆ ಪ್ರತಿ ಮೆಂಬರ್ ತನ್ನ ಭಾವನನ್ನೋ ಅಳಿಯನನ್ನೋ ಕೆಲಸಕ್ಕೆ ಹಾಕಿಕೊಳ್ಳುತ್ತಾನೆ, ಊರಿಗೆ ಒಂದು ಪೈಪೂ ಬರುವುದಿಲ್ಲ. ಈ ಭಯ ಸುಳ್ಳಲ್ಲ. ಆದರೆ ನೀರಿನ ಕೆಲಸದಲ್ಲಿ ಖರ್ಚು ಎಲ್ಲಿದೆ ಅಂತ ನೋಡಿ. ಪೈಪ್ ಒಂದು ಸಲ ಹಾಕಿದರೆ ಮೂವತ್ತು ವರ್ಷ ಇರುತ್ತದೆ. ದಿನಾ ಬೇಕಾಗುವುದು ಮೋಟರ್ ಚಾಲು ಮಾಡುವ ಒಬ್ಬ ಮನುಷ್ಯ, ಅವನ ಕೈಯಲ್ಲಿ ಬ್ಲೀಚಿಂಗ್ ಪೌಡರ್, ಕರೆಂಟ್ ಬಿಲ್, ಸುಟ್ಟ ಮೋಟರ್ ವೈಂಡಿಂಗ್ ಮಾಡಿಸೋಕೆ ಒಂದಿಷ್ಟು ದುಡ್ಡು. ನಮ್ಮ ಊರಿನಲ್ಲಿ ಇವುಗಳಿಗೆಲ್ಲ ರಾಜ್ಯ ಸರ್ಕಾರದ ಅನುದಾನ ಯಾವಾಗ ಬರುತ್ತದೋ ಆಗ, ಇಲ್ಲದಿದ್ದರೆ ಮನೆಪಟ್ಟಿ, ನೀರಿನ ಕರ ವಸೂಲಾದರೆ ಆಗ. ನೀರು ಮೂರು ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ಜನ ಕರ ಕಟ್ಟುವುದಿಲ್ಲ. ಕರ ಬರುವುದಿಲ್ಲ, ಹಾಗಾಗಿ ಮೋಟರ್ ಕೆಟ್ಟರೆ ಎಂಟು ದಿನ ಹಾಗೇ ಇರುತ್ತದೆ. ಅವ್ವನನ್ನೇ ಕೇಳಿದೆ, ನೀನು ಕರ ಕಟ್ಟಿದ್ದೀಯಾ ಅಂತ. "ನೀರ ಬಂದಾಗ ಕಟ್ತೀನಿ" ಅಂದಳು. ಮೆಂಬರ್‌ನ ತಾಯಿ!

ಇದರ ಮೇಲೆ 2019ರಲ್ಲಿ ಜಲ ಜೀವನ ಮಿಷನ್ ಬಂತು. ಕರ್ನಾಟಕದಲ್ಲಿ ಅದಕ್ಕೆ "ಮನೆ ಮನೆಗೆ ಗಂಗೆ" ಅಂತ ಹೆಸರು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು, ಪ್ರತಿ ಮನೆಗೆ ನಲ್ಲಿ. ಶುರುವಿನಲ್ಲಿ ಯೋಜನೆಯ ಒಟ್ಟು ಅಂದಾಜು 3.60 ಲಕ್ಷ ಕೋಟಿ ರೂಪಾಯಿ ಇತ್ತು. ಅದು ಶುರುವಾದಾಗ ದೇಶದ ಹಳ್ಳಿಗಳಲ್ಲಿ ನೂರಕ್ಕೆ ಹದಿನೇಳು ಮನೆಗಳಲ್ಲಿ ಮಾತ್ರ ನಲ್ಲಿ ಇತ್ತು, ಈಗ ಸುಮಾರು ಎಂಬತ್ತು ದಾಟಿದೆ. ಇದನ್ನು ನಾನು ಸಣ್ಣದು ಅಂತ ಹೇಳಲಾರೆ. ನನ್ನ ಅವ್ವ ತಲೆ ಮೇಲೆ ಒಂದು ಕೊಡ, ಸೊಂಟದಲ್ಲಿ ಒಂದು ಕೊಡ ಹೊತ್ತು ತಂದಿದ್ದನ್ನು ನೋಡಿ ಬೆಳೆದವಳು ನಾನು. ಅಂಗಳದಲ್ಲಿ ನಲ್ಲಿ ನಿಂತಿರುವುದನ್ನು ನೋಡಿದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಆದರೆ ಆ ಯೋಜನೆಯಲ್ಲೂ ಕಟ್ಟುವುದಕ್ಕೆ ಕೇಂದ್ರ ಮತ್ತು ರಾಜ್ಯ ದುಡ್ಡು ಹಾಕುತ್ತವೆ, ಕಟ್ಟಿದ ಮೇಲೆ ನಡೆಸುವುದು ಪಂಚಾಯಿತಿಯ ಹೊಣೆ. ಊರಿನ ನೀರು ಸಮಿತಿ ಇರಬೇಕು, ಅದರಲ್ಲಿ ಅರ್ಧ ಹೆಂಗಸರಿರಬೇಕು, ಅವರು ದರ ನಿಗದಿ ಮಾಡಿ ವಸೂಲು ಮಾಡಬೇಕು ಅಂತ ನಿಯಮ ಹೇಳುತ್ತದೆ. ನಮ್ಮ ಊರ ಸಮಿತಿಯಲ್ಲಿ ಅವ್ವನ ಹೆಸರೂ ಇದೆ. ಅದು ಅವಳಿಗೆ ನಾನು ಹೇಳಿದ ಮೇಲೆ ಗೊತ್ತಾಯಿತು.

ಊರ ಕಥೆ ಇಷ್ಟು. ಈಗ ಪುಣೆಗೆ ಬರುತ್ತೇನೆ.

ಪುಣೆಯಲ್ಲಿ ವಾಟರ್‌ಮನ್‌ಗೆ ಚಾವಿವಾಲಾ ಅನ್ನುತ್ತಾರೆ. ಉದ್ದ ಕಬ್ಬಿಣದ ಚಾವಿ ಹಿಡಿದು ಬಂದು, ರಸ್ತೆಯಲ್ಲಿನ ಮುಚ್ಚಳ ತೆಗೆದು, ಇಂತಿಷ್ಟು ಸುತ್ತು ತಿರುಗಿಸಿ ನಮ್ಮ ಗಲ್ಲಿಗೆ ನೀರು ಬಿಟ್ಟು, ಅಲ್ಲಿಂದ ಮುಂದಿನ ಗಲ್ಲಿಗೆ ಹೋಗುತ್ತಾರೆ. ಎಷ್ಟು ಸುತ್ತು ತಿರುಗಿಸಿದರೆ ಎತ್ತರದ ಮನೆಗೂ ನೀರು ಹತ್ತುತ್ತದೆ ಅನ್ನುವುದು ಯಾವ ನಕ್ಷೆಯಲ್ಲೂ ಇಲ್ಲ, ಅವರ ಕೈಗೆ ಗೊತ್ತು.

ನಾನಿರುವುದು ಸಿಂಹಗಡ ರಸ್ತೆ ಕಡೆ, ಮೊದಲು ಹಳ್ಳಿಯಾಗಿದ್ದು ಈಗ ನಗರಕ್ಕೆ ಸೇರಿದ ಭಾಗ. 2017ರಲ್ಲಿ 11 ಹಳ್ಳಿಗಳು, 2021ರಲ್ಲಿ ಇನ್ನೂ 23 ಹಳ್ಳಿಗಳು ಪುಣೆ ಮಹಾನಗರಪಾಲಿಕೆಗೆ ಸೇರಿದವು. ನಾಂದೇಡ್, ಕಿರ್ಕಟವಾಡಿ, ಖಡಕವಾಸಲಾ ಇವೆಲ್ಲ ಎರಡನೇ ಸಲ ಸೇರಿದವು. ಪಾಲಿಕೆಯ ವಿಸ್ತೀರ್ಣ 500 ಚದರ ಕಿಲೋಮೀಟರ್ ದಾಟಿ ಮುಂಬೈಯನ್ನೂ ಮೀರಿಸಿತು. ಪೇಪರಿನಲ್ಲಿ ಅದು ದೊಡ್ಡ ಸುದ್ದಿ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡುವವಳಿಗೆ ಬೇರೆ ಪ್ರಶ್ನೆ ಬರುತ್ತದೆ. ಹಳ್ಳಿ ಪಂಚಾಯಿತಿ ಇದ್ದಾಗ ಅದಕ್ಕೆ ತನ್ನದೇ ಮನೆಪಟ್ಟಿ ಇತ್ತು, ನೀರಿಗೆ ಅಂತ ಕಟ್ಟಿಟ್ಟ ಆಯೋಗದ ಅನುದಾನ ಇತ್ತು, ಸರಪಂಚ ಇದ್ದ. ನೀರು ಬರದಿದ್ದರೆ ಸರಪಂಚನ ಮನೆ ಬಾಗಿಲಿಗೆ ಹೆಂಗಸರು ಕೊಡ ಹಿಡಿದು ಹೋಗಬಹುದಿತ್ತು. ನಗರಕ್ಕೆ ಸೇರಿದ ದಿನ ಪಂಚಾಯಿತಿ ಹೋಯಿತು, ಹಳ್ಳಿಯ ಅನುದಾನ ಹೋಯಿತು, ಸರಪಂಚನೂ ಹೋದ. ನಗರದ ಪೈಪ್, ನಗರದ ಶುದ್ಧೀಕರಣ ಘಟಕ ಬರೋಕೆ ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ಹಳೇ ಬಾವಿ, ಹಳೇ ಟ್ಯಾಂಕು. ಆದರೆ ಈಗ ಸುತ್ತಲೂ ಹನ್ನೆರಡು ಮಹಡಿ ಕಟ್ಟಡಗಳು.

2025ರ ಜನವರಿಯಲ್ಲಿ ಆದದ್ದು ನಿಮಗೆ ನೆನಪಿರಬಹುದು. ಗಿಲಾನ್ ಬಾರೆ ಸಿಂಡ್ರೋಮ್, ಜಿಬಿಎಸ್. ಮೊದಲು ಹೊಟ್ಟೆ ಕೆಡುತ್ತದೆ, ಆಮೇಲೆ ಕೈಕಾಲು ಜುಮ್ಮೆನ್ನುತ್ತವೆ, ಬಲ ಹೋಗುತ್ತದೆ, ಕೆಲವರಿಗೆ ಉಸಿರಾಡೋಕೂ ಯಂತ್ರ ಬೇಕಾಗುತ್ತದೆ. ಪುಣೆ ಮತ್ತು ಸುತ್ತಮುತ್ತ 200ಕ್ಕೂ ಹೆಚ್ಚು ಜನರಿಗೆ ಇದು ಇದೆ ಅಂತ ಶಂಕೆ ಬಂತು, ಕೆಲವರು ತೀರಿಕೊಂಡರು. ಜಾಸ್ತಿ ಜನ ಸಿಂಹಗಡ ರಸ್ತೆ ಕಡೆಯವರೇ. ರೋಗಿಗಳ ಮಾದರಿಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ, ನೋರೋವೈರಸ್ ಸಿಕ್ಕವು. ಎರಡೂ ಕೊಳಕು ನೀರಿನಿಂದ ಬರಬಹುದಾದ ಸೋಂಕು. ನಾಂದೇಡ್‌ನ ದೊಡ್ಡ ಬಾವಿಯ ನೀರನ್ನು ಬ್ಲೀಚಿಂಗ್ ಹಾಕಿ ಸುತ್ತಲಿನ ಹಳ್ಳಿಗಳಿಗೆ ಬಿಡುತ್ತಿದ್ದರು, ಅದಕ್ಕೆ ಶುದ್ಧೀಕರಣ ಘಟಕ ಇರಲಿಲ್ಲ. ದಿಲ್ಲಿಯಿಂದ ತಜ್ಞರ ತಂಡ ಬಂತು. ಒಂದು ತಿಂಗಳು ನಮ್ಮ ಮನೆಯಲ್ಲಿ ದಿನಾ ಎರಡು ಪಾತ್ರೆ ನೀರು ಕುದಿಸಿ ಆರಿಸುತ್ತಿದ್ದೆ. ಮಗಳಿಗೆ ಸ್ವಲ್ಪ ಕಾಲು ನೋವು ಅಂದರೂ ಎದೆ ಧಸಕ್ ಅನ್ನುತ್ತಿತ್ತು.

ಆ ದಿನಗಳಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಬಂತು. ಓಟಿ ಟೆಸ್ಟ್. ಸಣ್ಣ ಗಾಜಿನ ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ಎರಡು ಹನಿ ಔಷಧ ಹಾಕಿದರೆ ಹಳದಿ ಆಗಬೇಕು. ಹಳದಿ ಆಯಿತು ಅಂದರೆ ನೀರಿನಲ್ಲಿ ಕ್ಲೋರಿನ್ ಉಳಿದಿದೆ ಅಂತ ಅರ್ಥ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಟ್ಯಾಂಕಿನ ಹತ್ತಿರ ಇದ್ದರೆ ಸಾಲದು, ಪೈಪಿನ ಕೊನೆಯ ಮನೆಯ ನಲ್ಲಿಯಲ್ಲೂ ಇರಬೇಕು. ಈ ಪರೀಕ್ಷೆಗೆ ಎಷ್ಟು ಖರ್ಚು? ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಆದರೆ ದಿನಾ ಬೆಳಗ್ಗೆ ಮಾಡುವ ಒಬ್ಬ ಮನುಷ್ಯ ಬೇಕು, ಅವನಿಗೆ ತಿಂಗಳ ಕೊನೆಗೆ ಪಗಾರ ಬೇಕು. ನೂರಾರು ಕೋಟಿಯ ಘಟಕದ ಅಂದಾಜುಪಟ್ಟಿ ಬೇಗ ತಯಾರಾಗುತ್ತದೆ. ಈ ಒಬ್ಬ ಮನುಷ್ಯನನ್ನು ಯಾವ ಲೆಕ್ಕದಲ್ಲಿ ಹಾಕಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

2017ರಲ್ಲಿ ಸೇರಿದ ಹಳ್ಳಿಗಳಲ್ಲಿ ಫುರಸುಂಗಿ ಮತ್ತು ಉರುಳಿ ದೇವಾಚಿ ಆಮೇಲೆ ಪಾಲಿಕೆಯಿಂದ ಹೊರಗೆ ಬಂದು ಬೇರೆ ನಗರ ಪರಿಷತ್ತು ಆದವು. ತೆರಿಗೆ ಜಾಸ್ತಿ ಆಯಿತು, ಸೌಲಭ್ಯ ಬರಲಿಲ್ಲ ಅನ್ನುವುದು ಅಲ್ಲಿನ ಜನರ ದೂರು. ಆ ಸಣ್ಣ ಪರಿಷತ್ತಿಗೆ ತನ್ನ ಕಾಲ ಮೇಲೆ ನಿಲ್ಲುವಷ್ಟು ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ನನ್ನ ಚಿಂತೆ.

ದುಡ್ಡು ಎಲ್ಲಿಂದ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಊರಿನಿಂದ ಪುಣೆಗೆ ಲಾರಿ ಓಡಿಸಿದ ನಮ್ಮ ಮಾಮಾನಂಥ ಹಳಬರಿಗೆ ಜಕಾತಿ ನಾಕಾ ನೆನಪಿದೆ. ನಗರದ ಒಳಗೆ ಬರುವ ಸಾಮಾನಿನ ಮೇಲೆ ಅಲ್ಲೇ ನಿಲ್ಲಿಸಿ ತೆರಿಗೆ. ಲಾರಿಯವರಿಗೆ ಅದು ದೊಡ್ಡ ತಾಪತ್ರಯ, ಸಾಲಿನಲ್ಲಿ ರಾತ್ರಿಯೆಲ್ಲ ನಿಲ್ಲಬೇಕಿತ್ತು. ಆದರೆ ಅದು ನಗರದ ಸ್ವಂತ ದುಡ್ಡಾಗಿತ್ತು. ಪುಣೆಯಲ್ಲಿ 2013ರಲ್ಲಿ ಜಕಾತಿ ಹೋಗಿ ಎಲ್‌ಬಿಟಿ, ಅಂದರೆ ಸ್ಥಳೀಯ ಸಂಸ್ಥೆ ತೆರಿಗೆ ಬಂತು, 2015ರಲ್ಲಿ ಅದನ್ನೂ ಬಹುಪಾಲು ವ್ಯಾಪಾರಿಗಳಿಗೆ ತೆಗೆದರು. ಮುಂಬೈಯಲ್ಲಿ 2017ರ ಜುಲೈಯಲ್ಲಿ ಜಿಎಸ್‌ಟಿ ಬರುವವರೆಗೂ ಜಕಾತಿ ಇತ್ತು, ವರ್ಷಕ್ಕೆ 7,000 ಕೋಟಿ ರೂಪಾಯಿ ಆಸುಪಾಸು ಬರುತ್ತಿತ್ತು. ಈಗ ಅದರ ಬದಲು ರಾಜ್ಯ ಸರ್ಕಾರ ಪರಿಹಾರ ಅಂತ ಕೊಡುತ್ತದೆ. ಲಾರಿಯವರಿಗೆ ಒಳ್ಳೆಯದೇ ಆಯಿತು. ನಗರ ಮಾತ್ರ ತನ್ನ ಗಲ್ಲಾಪೆಟ್ಟಿಗೆಯ ಒಂದು ಚಾವಿಯನ್ನು ಬೇರೆಯವರ ಕೈಗೆ ಕೊಟ್ಟ ಹಾಗಾಯಿತು. ಉಳಿದದ್ದು ಆಸ್ತಿ ತೆರಿಗೆ, ನೀರಿನ ದರ, ಕಟ್ಟಡ ಪರವಾನಗಿ ಶುಲ್ಕ. ಆಸ್ತಿ ತೆರಿಗೆ ಏರಿಸಿದರೆ ಓಟು ಹೋಗುತ್ತದೆ ಅಂತ ಯಾರೂ ಮುಟ್ಟುವುದಿಲ್ಲ. ಪುಣೆಯಲ್ಲಿ ಸ್ವಂತ ಮನೆಯಲ್ಲಿ ಇರುವವರಿಗೆ 1970ರಿಂದ ಇದ್ದ 40 ಪರ್ಸೆಂಟ್ ರಿಯಾಯಿತಿಯನ್ನು ಮಧ್ಯೆ ತೆಗೆದು, 2023ರಲ್ಲಿ ಮತ್ತೆ ಕೊಟ್ಟರು. ಅದು ಸಿಕ್ಕಾಗ ನನಗೂ ಖುಷಿಯಾಗಿತ್ತು. ಆದರೆ ಆ ರಿಯಾಯಿತಿಯ ದುಡ್ಡು ಬೇರೆ ಯಾವ ಕೆಲಸದಿಂದ ಹೋಯಿತು ಅಂತ ಅವತ್ತು ನಾನು ಯೋಚನೆ ಮಾಡಿರಲಿಲ್ಲ.

ನಮ್ಮ ದೇಶದ ಎಲ್ಲಾ ನಗರಸಭೆ, ಪಾಲಿಕೆಗಳ ಆದಾಯ ಸೇರಿಸಿದರೂ ದೇಶದ ಒಟ್ಟು ಉತ್ಪನ್ನದ ಸುಮಾರು ನೂರಕ್ಕೆ ಒಂದು ಭಾಗ ಅಷ್ಟೇ, ಹತ್ತು ವರ್ಷದಿಂದ ಅಲ್ಲೇ ನಿಂತಿದೆ ಅಂತ ರಿಸರ್ವ್ ಬ್ಯಾಂಕ್ 2022ರ ವರದಿಯಲ್ಲಿ ಹೇಳಿದೆ. ಅದೇ ವರದಿಯಲ್ಲಿ ಬ್ರೆಜಿಲ್‌ಗೆ 7.4, ದಕ್ಷಿಣ ಆಫ್ರಿಕಾಗೆ 6 ಅಂತಿದೆ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನೀರು, ನೈರ್ಮಲ್ಯ, ಕೊಳಗೇರಿ ಸುಧಾರಣೆ ಎಲ್ಲಾ ಸೇರಿ 18 ಕೆಲಸಗಳ ಪಟ್ಟಿಯನ್ನು ನಗರಗಳಿಗೆ ಅಂತ ಸಂವಿಧಾನದಲ್ಲಿ ಬರೆದರು. ಕೆಲಸದ ಪಟ್ಟಿ ಬಂತು. ಅಷ್ಟೇ ತೂಕದ ಆದಾಯದ ಪಟ್ಟಿ ಬರಲಿಲ್ಲ.

ಮುಂಬೈ ಇದಕ್ಕೆ ಹೊರತು. ಅಲ್ಲಿನ ಪಾಲಿಕೆಯ 2025–26ರ ಬಜೆಟ್ 74,427 ಕೋಟಿ ರೂಪಾಯಿ, ಗೋವಾ ರಾಜ್ಯದ ಬಜೆಟ್‌ಗಿಂತ ದುಪ್ಪಟ್ಟಿಗೂ ಹೆಚ್ಚು. ತಾನ್ಸಾ, ಭಾತ್ಸಾ, ವೈತರಣಾ ಅಂತ ನೂರು ಕಿಲೋಮೀಟರ್ ಆಸುಪಾಸು ದೂರದ ಕೆರೆಗಳಿಂದ ನೀರು ತರುವ ತಾಕತ್ತು ಅದಕ್ಕಿದೆ. ಆದರೂ ಅಲ್ಲಿ ಗುಡಿಸಿಲಿನ ಜನರಿಗೆ ನೀರಿನ ಕನೆಕ್ಷನ್ ಕೊಡಿ ಅಂತ ಹೈಕೋರ್ಟ್ ಹೇಳಬೇಕಾಯಿತು. ಮನೆ ಸಕ್ರಮವೋ ಅಕ್ರಮವೋ ಅದು ಬೇರೆ ವಿಷಯ, ನೀರು ಬದುಕುವ ಹಕ್ಕಿನ ಭಾಗ ಅಂತ 2014ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಪಾಲಿಕೆಯ "ಎಲ್ಲರಿಗೂ ನೀರು" ನೀತಿ ಬಂದದ್ದು 2022ರಲ್ಲಿ. ಹಾಗಾಗಿ ದುಡ್ಡು ಒಂದಿದ್ದರೆ ಎಲ್ಲಾ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ.

ಪುಣೆ 2017ರ ಜೂನ್‌ನಲ್ಲಿ ಬೇರೆ ದಾರಿ ಹಿಡಿಯಿತು. ಇಪ್ಪತ್ನಾಲ್ಕು ಗಂಟೆ ನೀರಿನ ಯೋಜನೆಗೆ ಅಂತ 200 ಕೋಟಿ ರೂಪಾಯಿಯ ಬಾಂಡ್, ಅಂದರೆ ಸಾಲಪತ್ರ ಮಾರಿತು, ಹತ್ತು ವರ್ಷಕ್ಕೆ, 7.59 ಪರ್ಸೆಂಟ್ ಬಡ್ಡಿ. ಮುಂಬೈ ಶೇರು ಪೇಟೆಯಲ್ಲಿ ಗಂಟೆ ಬಾರಿಸಿದರು. ಬಾಂಡ್ ತಂದಿದ್ದಕ್ಕೆ ಕೇಂದ್ರ ಸರ್ಕಾರ 26 ಕೋಟಿ ರೂಪಾಯಿ ಪ್ರೋತ್ಸಾಹಧನವನ್ನೂ ಕೊಟ್ಟಿತು. ಲೆಕ್ಕದ ಕೆಲಸ ಮಾಡುವ ನನಗೆ ಇದರಲ್ಲಿ ಒಂದು ಒಳ್ಳೆಯ ಗುಣ ಕಾಣುತ್ತದೆ. ಸಾಲ ತರಬೇಕು ಅಂದರೆ ಲೆಕ್ಕ ಚೊಕ್ಕ ಇಡಬೇಕು, ಆಡಿಟ್ ಆಗಿರಬೇಕು, ರೇಟಿಂಗ್ ಬೇಕು. ಆದರೆ ಪುಣೆಗೆ ಸಾಲ ಹುಟ್ಟುತ್ತದೆ, ಅಥಣಿ ಪುರಸಭೆಗೆ ಹುಟ್ಟುತ್ತದಾ? ಇಲ್ಲ. ಅಂಥ ಊರುಗಳಿಗೆ ಅನುದಾನವೇ ಗತಿ.

ಆದರೂ ಸಣ್ಣ ಊರು ಮಾಡಲಾಗದು ಅಂತಲೂ ಅಲ್ಲ. ಪುಣೆಯಿಂದ ನಮ್ಮ ಕಡೆ ಹೋಗುವ ಬಸ್ಸು ಕರಾಡ ದಾಟುವಾಗ ಹೆದ್ದಾರಿ ಪಕ್ಕದಲ್ಲೇ ಮಲಕಾಪುರ ಬರುತ್ತದೆ. ನಾನು ಎಷ್ಟೋ ವರ್ಷ ಕಿಟಕಿಯಿಂದ ನೋಡುತ್ತ ಹೋಗಿದ್ದೇನೆ, ಅದರ ವಿಶೇಷ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ನಗರಗಳು ಇನ್ನೂ ಮಾತಾಡುತ್ತಿದ್ದಾಗಲೇ ಈ ಪುಟ್ಟ ಊರು ಮನೆ ಮನೆಗೆ ಮೀಟರ್ ಹಾಕಿ ಇಪ್ಪತ್ನಾಲ್ಕು ಗಂಟೆ ನೀರು ಕೊಟ್ಟಿತು. ಕಮ್ಮಿ ಬಳಸಿದವರಿಗೆ ಕಮ್ಮಿ ದರ, ಜಾಸ್ತಿ ಬಳಸಿದಂತೆ ದರ ಏರುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲೂ 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಿಂದ ಇದನ್ನು ಮಾಡಿ ತೋರಿಸಿದ್ದರು. ಬೆಳಗಾವಿಯ ಆ ವಾರ್ಡಿನಲ್ಲಿರುವ ನನ್ನ ಗೆಳತಿ ಮನೆ ಮೇಲಿನ ಟ್ಯಾಂಕು ಬಳಸುವುದನ್ನೇ ಬಿಟ್ಟಿದ್ದಾಳೆ. ಅವಳ ನೀರಿನ ಬಿಲ್ಲು ನೋಡಿ ನಾನು ಕೇಳಿದೆ, ಭಾರ ಅನಿಸಲ್ವಾ ಅಂತ. ರಾತ್ರಿ ನಿದ್ದೆ ಮಾಡ್ತೀನಲ್ಲಾ ಅಂದಳು. ನೀರು ನಿಜವಾಗಿ ಬಂದರೆ ಜನ ದುಡ್ಡು ಕೊಡುತ್ತಾರೆ. ಮೊದಲು ನೀರು ಬರಬೇಕು, ಅದಕ್ಕೆ ಮೊದಲ ಎರಡು ಮೂರು ವರ್ಷ ನಡೆಸುವ ಖರ್ಚನ್ನು ಯಾರಾದರೂ ಹೊರಬೇಕು. ನಮ್ಮ ಅವ್ವನ ಮಾತಿನ ಅರ್ಥ ಇದೇ ಅಲ್ವಾ?

ಇನ್ನು ಶೌಚಾಲಯದ ವಿಷಯ. ಇದರ ಬಗ್ಗೆ ನನಗೆ ಹೇಳೋದು ಜಾಸ್ತಿ ಇದೆ.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಬಸ್ತಿ, ಅಂದರೆ ಕೊಳಗೇರಿ ಇದೆ. ಅರ್ಧ ಜನ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು, ಕಟ್ಟಡ ಕೆಲಸಕ್ಕೆ ಬಂದು ಉಳಿದವರು. ಮಕ್ಕಳಿಗೆ ಮರಾಠಿ ಚೆನ್ನಾಗಿ ಬರುತ್ತದೆ, ತಾಯಂದಿರಿಗೆ ಮಾತಾಡೋಕೆ ಬರುತ್ತದೆ, ಓದೋಕೆ ಬರುವುದಿಲ್ಲ. ಅಲ್ಲಿ ಒಂದು ಸಾಮುದಾಯಿಕ ಶೌಚಾಲಯವನ್ನು ಹೆಂಗಸರ ಗುಂಪೊಂದು ನೋಡಿಕೊಳ್ಳುತ್ತದೆ. ಮೂರು ವರ್ಷದಿಂದ ಪ್ರತಿ ಶನಿವಾರ ಸಂಜೆ ಹೋಗಿ ಅವರ ಲೆಕ್ಕ ಬರೆದುಕೊಡುತ್ತೇನೆ.

ಮನೆಗೆ ತಿಂಗಳಿಗೆ 100 ರೂಪಾಯಿ ಪಾಸು. ಪುಸ್ತಕದಲ್ಲಿ 92 ಮನೆ, ನಿಯತ್ತಾಗಿ ಕೊಡುವವರು ಅರವತ್ತು ಚಿಲ್ಲರೆ. ಕೆಲಸ ಸಿಗದ ತಿಂಗಳು, ಮಳೆಗಾಲ, ಇನ್ನೂ ಕಮ್ಮಿ. ಆ ದುಡ್ಡಿನಲ್ಲಿ ಅಲ್ಲೇ ಮೇಲಿನ ಖೋಲಿಯಲ್ಲಿರುವ ಗಂಡ ಹೆಂಡತಿಗೆ ಪಗಾರ, ಫಿನೈಲ್, ಬ್ರಶ್ಶು, ಬಲ್ಬು. ಒಂದು ಬಾಗಿಲ ಚಿಲಕ ಮುರಿದರೆ ಆ ಸೀಟು ಹೆಂಗಸರಿಗೆ ಇಲ್ಲದ ಹಾಗೇ. ಒಂದು ಸಲ ಮೋಟರ್ ಸುಟ್ಟಿತು, ಸರಿ ಮಾಡಿಸೋಕೆ 4,500 ರೂಪಾಯಿ ಅಂದರು, ಪೆಟ್ಟಿಗೆಯಲ್ಲಿ 1,200 ಇತ್ತು. ಹನ್ನೊಂದು ದಿನ ಹೆಂಗಸರು ಮನೆಯಿಂದ ಬಕೆಟ್ ಹೊತ್ತು ಹೋದರು. ಗುಂಪಿನ ಹಿರಿಯಕ್ಕ ತನ್ನ ಮಂಗಳಸೂತ್ರದ ಎರಡು ಗುಂಡು ಒತ್ತೆ ಇಟ್ಟು ದುಡ್ಡು ತಂದಳು. ನನಗೆ ಮೊದಲೇ ಹೇಳಬಾರದಿತ್ತಾ ಅಂತ ಕೇಳಿದರೆ, "ಅಕ್ಕೋರೆ, ದರಾ ಸಲ ನಿಮ್ಮನ್ನ ಕೇಳೂದು ಚಲೋ ಅಲ್ಲರಿ" ಅಂದಳು. ಆ ಮಾತು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ. ಒಂದು ಊರಿನ ಶೌಚಾಲಯ ಯಾಕೆ ಒಬ್ಬ ಹೆಂಗಸಿನ ಕೊರಳಿನ ಬಂಗಾರದ ಮೇಲೆ ನಿಲ್ಲಬೇಕು?

ಈ ರೀತಿ ಹೆಂಗಸರೇ ನಡೆಸುವುದು ಪುಣೆಗೆ ಹೊಸದಲ್ಲ. 1999ರಲ್ಲಿ ರತ್ನಾಕರ್ ಗಾಯಕವಾಡ ಪಾಲಿಕೆ ಆಯುಕ್ತರಾಗಿದ್ದಾಗ ಶುರುವಾಗಿ 2001ರವರೆಗೆ ಇಲ್ಲಿನ ಬಸ್ತಿಗಳಲ್ಲಿ 400ಕ್ಕೂ ಹೆಚ್ಚು ಶೌಚಾಲಯ ಬ್ಲಾಕುಗಳು ಎದ್ದವು, ಹತ್ತು ಸಾವಿರಕ್ಕೂ ಹೆಚ್ಚು ಸೀಟು. ಬರೀ ಗುತ್ತಿಗೆದಾರರಿಗೆ ಕೊಡದೆ ಸ್ಪಾರ್ಕ್, ಮಹಿಳಾ ಮಿಲನ್‌ನಂಥ ಸಂಸ್ಥೆಗಳಿಗೆ ಕೊಟ್ಟರು. ಪಾಲಿಕೆ ಕಟ್ಟುವ ದುಡ್ಡು ಕೊಟ್ಟಿತು, ನೀರು ಮತ್ತು ಕರೆಂಟ್ ತನ್ನದು ಅಂದಿತು. ದಿನದ ನಿರ್ವಹಣೆ ಬಸ್ತಿಯವರದು, ಮನೆಗೆ ತಿಂಗಳಿಗೆ 20 ರೂಪಾಯಿ ಪಾಸಿನಲ್ಲಿ. ಹೆಂಗಸರು ನಕ್ಷೆಯಲ್ಲೇ ತಮ್ಮ ಮಾತು ಸೇರಿಸಿದರು. ಗಂಡಸರಿಗೆ ಬೇರೆ ದಾರಿ, ಹೆಂಗಸರಿಗೆ ಬೇರೆ ದಾರಿ. ಮಕ್ಕಳಿಗೆ ಸಣ್ಣ ಸೀಟುಗಳು, ಯಾಕಂದರೆ ಸಾಲಿನಲ್ಲಿ ಮಕ್ಕಳನ್ನು ದೊಡ್ಡವರು ಹಿಂದೆ ತಳ್ಳಿಬಿಡುತ್ತಾರೆ. ನೋಡಿಕೊಳ್ಳುವ ಕುಟುಂಬಕ್ಕೆ ಅಲ್ಲೇ ಒಂದು ಖೋಲಿ. ನಾನು ಲೆಕ್ಕ ಬರೆಯುವ ಶೌಚಾಲಯ ಅದಕ್ಕಿಂತ ಎಷ್ಟೋ ವರ್ಷ ಆಮೇಲೆ ಕಟ್ಟಿದ್ದು, ಆದರೆ ಆ ಖೋಲಿ ಅಲ್ಲೂ ಇದೆ. ಯಾರೋ ಹಳೇ ನಕ್ಷೆ ನೋಡಿ ಕಲಿತಿದ್ದಾರೆ.

ನೀರು, ಕರೆಂಟಿನ ಬಿಲ್ಲು ಯಾರದು ಅಂತ ಕಾಗದದಲ್ಲಿ ಬರೆದಿದ್ದರೆ ಅರ್ಧ ಚಿಂತೆ ಹೋಗುತ್ತದೆ. ಬರೆಯದೆ ಬಿಟ್ಟಲ್ಲಿ ಎರಡು ವರ್ಷಕ್ಕೆ ಬೀಗ ಬೀಳುತ್ತದೆ. ಸ್ವಚ್ಛ ಭಾರತದಲ್ಲಿ ಹಳ್ಳಿಯ ಮನೆಗೆ 12,000 ರೂಪಾಯಿ ಕೊಟ್ಟರು, ಕೋಟಿಗಟ್ಟಲೆ ಶೌಚಾಲಯ ಆದವು. ಈಗ ಗುಂಡಿಗಳು ತುಂಬುವ ಕಾಲ ಬಂದಿದೆ. ಗುಂಡಿ ಖಾಲಿ ಮಾಡುವ ಗಾಡಿ, ಆ ಮಲವನ್ನು ಎಲ್ಲಿ ಸುರಿಯಬೇಕು ಅನ್ನುವ ಜಾಗ, ಗಾಡಿಯ ಡ್ರೈವರ್, ಡೀಸೆಲ್, ಇದೆಲ್ಲ ಮತ್ತೆ ಅದೇ ನಡೆಸುವ ಖರ್ಚು. ಅದು ಇಲ್ಲದ ಕಡೆ ಒಬ್ಬ ಬಡವನನ್ನು ಕರೆದು ಗುಂಡಿಗೆ ಇಳಿಸುತ್ತಾರೆ. ಕಾನೂನು 2013ರಲ್ಲೇ ಬೇಡ ಅಂದಿದೆ, ಆದರೂ ಇಳಿಸುತ್ತಾರೆ, ಆದರೂ ಸಾಯುತ್ತಾರೆ.

ಹಾಗಾದರೆ ಏನು ಮಾಡಬೇಕು? ನಾನು ದೊಡ್ಡ ಪಂಡಿತಳಲ್ಲ, ಆದರೆ ಎರಡು ಕಡೆಯ ಪುಸ್ತಕ ನೋಡಿದ್ದೇನೆ. ನನಗೆ ಅನಿಸುವುದು, ಕಟ್ಟುವ ಯೋಜನೆ ಮಂಜೂರು ಮಾಡುವಾಗಲೇ ಮುಂದಿನ ಹತ್ತು ವರ್ಷ ಅದನ್ನು ನಡೆಸುವ ಖರ್ಚು ಎಷ್ಟು, ಯಾರು ಎಷ್ಟು ಕೊಡುತ್ತಾರೆ ಅಂತ ಅದೇ ಹಾಳೆಯಲ್ಲಿ ಬರೆಯಬೇಕು. ನೀರುಗಂಟಿಯ ಪಗಾರ, ಶೌಚಾಲಯ ನೋಡಿಕೊಳ್ಳುವವರ ಪಗಾರ ಕಚೇರಿ ಖರ್ಚಲ್ಲ, ಅದೇ ಸೇವೆ. ಅದಕ್ಕೆ ಅನುದಾನದಲ್ಲಿ ಒಂದು ಪಾಲು ಬೇರೆ ಇಡಲಿ, ಭಾವ ಅಳಿಯರ ಭಯ ಇದ್ದರೆ ಇಂತಿಷ್ಟು ಮನೆಗೆ ಇಷ್ಟೇ ಜನ ಅಂತ ಮಿತಿ ಹಾಕಲಿ. ಮತ್ತೆ, ದುಡ್ಡು ತಿಂಗಳು ತಿಂಗಳು ತಪ್ಪದೆ ಬರಲಿ. ಮಾರ್ಚ್ ಕೊನೆಗೆ ಒಮ್ಮೆಲೇ ಬಂದ ದುಡ್ಡಿನಲ್ಲಿ ಗಟಾರ ಕಟ್ಟಬಹುದು, ಜೂನ್‌ನಲ್ಲಿ ಬಾವಿಗೆ ಬ್ಲೀಚಿಂಗ್ ಹಾಕೋಕೆ ಆಗುವುದಿಲ್ಲ.

ಕೇಳೋಕೆ ಒಬ್ಬ ಮನುಷ್ಯನೂ ಬೇಕು. ಪುಣೆ, ಮುಂಬೈ ಪಾಲಿಕೆಗಳ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಆಮೇಲೆ ಮತದಾನ ಆದದ್ದು 2026ರ ಜನವರಿ 15ಕ್ಕೆ. ಹತ್ತಿರ ಹತ್ತಿರ ನಾಲ್ಕು ವರ್ಷ ನಮಗೆ ನಗರಸೇವಕರೇ (ಕಾರ್ಪೊರೇಟರ್‌ಗಳೇ) ಇರಲಿಲ್ಲ, ಆಡಳಿತಾಧಿಕಾರಿ ಇದ್ದರು. ಹೊಸದಾಗಿ ಸೇರಿದ ಹಳ್ಳಿಯವರಿಗೆ ಸರಪಂಚನೂ ಇಲ್ಲ, ನಗರಸೇವಕನೂ ಇಲ್ಲ, ಅದೇ ಹೊತ್ತಿನಲ್ಲಿ ಜಿಬಿಎಸ್ ಬಂತು. ಕರ್ನಾಟಕದಲ್ಲೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಆಯ್ಕೆಯಾದ ಸದಸ್ಯರು ಇಲ್ಲದ ಸ್ಥಳೀಯ ಸಂಸ್ಥೆಗೆ ಅನುದಾನ ಕೊಡಬೇಡಿ ಅಂತ ಹಣಕಾಸು ಆಯೋಗವೇ ಷರತ್ತು ಹಾಕಿದೆ. ಷರತ್ತು ಸರಿ. ಆದರೆ ಚುನಾವಣೆ ಮುಂದೂಡುವವರು ಬೇರೆ, ನೀರಿಲ್ಲದೆ ಇರುವವರು ಬೇರೆ.

ಊರಿಗೆ ಬಂದು ಹೋಗುವ ನಮ್ಮವರಿಗೆ ಒಂದು ಮಾತು. ಈ-ಗ್ರಾಮಸ್ವರಾಜ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಗೆ ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯಿತು ಅಂತ ನೋಡಬಹುದು. ಮೊಬೈಲಿನಲ್ಲೇ ಬರುತ್ತದೆ. ನಾನು ನಮ್ಮ ಊರದ್ದು ತೆಗೆದು ತಮ್ಮನಿಗೆ ಕಳಿಸಿದೆ, ಮೆಂಬರ್ ಆಗಿ ನಾಲ್ಕು ವರ್ಷದಲ್ಲಿ ಅವನು ಅದನ್ನು ತೆರೆದೇ ಇರಲಿಲ್ಲ. ಈಗ ಅವನೇ ಪಿಡಿಒ ಹತ್ತಿರ ಕೂತು, ಟೈಡ್ ಅನುದಾನದಲ್ಲಿ ನೀರಿನ ದಿನದ ನಿರ್ವಹಣೆಗೆ ಎಷ್ಟು ಇಡಬಹುದು ಅಂತ ಮುಂದಿನ ಕ್ರಿಯಾ ಯೋಜನೆಗೆ ಲೆಕ್ಕ ಹಾಕುತ್ತಿದ್ದಾನೆ. ವಾಟರ್‌ಮನ್‌ಗೆ ಎರಡು ತಿಂಗಳ ಪಗಾರ ಆಯಿತಂತೆ, ಇನ್ನೂ ಎರಡು ಬಾಕಿ.

ಬಸ್ತಿಯಲ್ಲಿ ಈ ಶನಿವಾರ ನಾವು ಹೊಸ ನಗರಸೇವಕರಿಗೆ ಒಂದು ಅರ್ಜಿ ಬರೆಯುತ್ತಿದ್ದೇವೆ. ಶೌಚಾಲಯದ ಕರೆಂಟ್ ಬಿಲ್ಲನ್ನು ನಗರವೇ ಕಟ್ಟಲಿ, ಮೋಟರ್ ದುರಸ್ತಿಗೆ ವರ್ಷಕ್ಕೆ ಇಂತಿಷ್ಟು ಅಂತ ತೆಗೆದಿಡಲಿ, ಇವೆರಡೇ ಬೇಡಿಕೆ. ಮೂರು ವರ್ಷದ ಜಮಾ ಖರ್ಚನ್ನೂ ಜೊತೆಗೆ ಹಚ್ಚುತ್ತೇವೆ. ಹೆಂಗಸರು ಕನ್ನಡದಲ್ಲಿ ಹೇಳುತ್ತಾರೆ, ಹಿರಿಯಕ್ಕನ ಮಗಳು ಹತ್ತನೇ ಕ್ಲಾಸು, ಅವಳು ಮರಾಠಿಯಲ್ಲಿ ಬರೆಯುತ್ತಾಳೆ. ಮರಾಠಿ ಅರ್ಜಿ ಬರೆದು ರೂಢಿ ಇರುವ ಪುಣೆಯ ಕನ್ನಡಿಗರು ಯಾರಾದರೂ ಇದ್ದರೆ ಸಂಜೆ ಐದಕ್ಕೆ ಬನ್ನಿ, ಇನ್ನೊಬ್ಬರು ಓದಿ ತಿದ್ದಿದರೆ ನಮಗೆ ಧೈರ್ಯ ಬರುತ್ತದೆ.